ಮಲಗಿಕೊಂಡು ಶ್ಲೋಕ ಹೇಳಬಹುದೇ?

ಪ್ರಶ್ನೆ: ನಮ್ಮ ಐದು ವರ್ಷದ ಮಗ ರಾತ್ರಿ ಹತ್ತಾದರೂ ಮಂಚದ ಮೇಲೆ ಕುಣೀತಾನೇ ಇರ್ತಾನೆ. ಶ್ಲೋಕ ಹೇಳು ಅಂದ್ರೆ ಮಲಗಿಕೊಂಡೇ ಅರ್ಧಂಬರ್ಧ ಹೇಳ್ತಾನೆ. ‘ದೇವರಿಗೆ ಸಿಟ್ಟು ಬರುತ್ತೆ’ ಅಂತ ಅತ್ತೆಯವರು ಹೆದರಿಸ್ತಾರೆ. ಈಗ ಲೈಟ್ ಆರಿಸಿದರೆ ಅಳ್ತಾನೆ. ಮಲಗಿ ಹೇಳಿದರೆ ದೋಷವೇ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ದೋಷವಿಲ್ಲ ತಾಯಿ. ಪೂಜೆ, ಜಪಗಳಿಗೆ ಸ್ನಾನ, ಮಡಿ, ಆಸನದ ನಿಯಮಗಳುಂಟು. ನಾಮಸ್ಮರಣೆಗೆ ಅವು ಅಡ್ಡಿಯಲ್ಲ. ಮಲಗುವಾಗಿನ ಶ್ಲೋಕವಂತೂ ಹಾಸಿಗೆಗೇ ಮೀಸಲು. ಅದರಲ್ಲಿ ನೆನೆಯುವ ಐವರು ರಾಮ, ಸ್ಕಂದ, ಹನುಮಂತ, ಗರುಡ, ಭೀಮ. ಫಲ, ಕೆಟ್ಟ ಕನಸಿನ ನಿವಾರಣೆ. ಭಯ ಕಳೆಯಲೆಂದೇ ಇರುವ ಶ್ಲೋಕವನ್ನು ಹೆದರಿಸಿ ಹೇಳಿಸಿದರೆ ಮದ್ದೇ ರೋಗ ತಂದಂತೆ. ಅತ್ತೆಯವರಿಗೆ ಇದನ್ನು ಮೆತ್ತಗೆ ತಿಳಿಸಿ, ಕಥೆ ಹೇಳುವ ಕೆಲಸ ಅವರಿಗೇ ಒಪ್ಪಿಸಿ.

ದಿನವೂ ಒಂದೇ ಹೊತ್ತು, ಒಂದೇ ಕ್ರಮವಿರಲಿ. ಊಟ ಬೇಗ ಮುಗಿಯಲಿ. ಆಮೇಲೆ ಟಿವಿ, ಮೊಬೈಲ್ ಬೇಡ. ಕೈಕಾಲು ತೊಳೆಸಿ ಚೆನ್ನಾಗಿ ಒರೆಸಿ. ಒದ್ದೆ ಕಾಲಿನಲ್ಲಿ ಮಲಗಬಾರದೆಂದು ಮನುಸ್ಮೃತಿಯೂ ಹೇಳುತ್ತದೆ. ದೇವರ ಮುಂದೆ ಒಂದು ನಮಸ್ಕಾರ. ತಲೆ ಪೂರ್ವಕ್ಕೋ ದಕ್ಷಿಣಕ್ಕೋ ಇರಲಿ. ಬೆಳಕು ತಗ್ಗಿಸಿ ಒಂದೇ ಕಥೆ ಹೇಳಿ. ಲಂಕಾದಹನ ಹೇಳಿದರೆ ಮತ್ತೆ ಎದ್ದು ಕುಣಿದಾನು. ರಾತ್ರಿಗೆ ಅಳಿಲು ಸೇವೆಯಂಥ ಕಥೆ ಸಾಕು.

ಕೊನೆಗೆ ಬೆನ್ನು ತಟ್ಟುತ್ತಾ ಶ್ಲೋಕವನ್ನು ಮೂರು ಸಲ, ಸಲಸಲಕ್ಕೂ ದನಿ ತಗ್ಗಿಸಿ, ನೀವೇ ಹೇಳಿ. ಅವನು ಕೇಳಿದರೂ ಸ್ಮರಣೆಯೇ. ನಡುವೆ ನಿದ್ದೆ ಹತ್ತಿದರೆ ಎಬ್ಬಿಸಬೇಡಿ. ಉಳಿದದ್ದನ್ನು ನೀವು ಮುಗಿಸಿ.