ನಡುಗುವ ಹಲಗೆಯ ವ್ಯಾಯಾಮ ಮತ್ತು ಮಂಡಿಯ ಉರಿಯೂತ



ಇಳಿಜಾರಿನ ತೋಟದಲ್ಲಿ ವರ್ಷಗಟ್ಟಲೆ ಹತ್ತಿಳಿದು ದುಡಿದವರಲ್ಲಿ ಮಂಡಿನೋವು ಅಪರೂಪವಲ್ಲ. ನಿಂತರೆ ಮೈಯನ್ನೆಲ್ಲ ನಡುಗಿಸುವ ಹಲಗೆಯ ಯಂತ್ರಗಳು ಇದಕ್ಕೆ ಪರಿಹಾರವೆಂದು ಮಾರಾಟಕ್ಕೆ ಬಂದಿವೆ. ಹಣ ಹಾಕುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಯಂತ್ರ ಮಾಡುವುದೇನು?

ಈ ಹಲಗೆ ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 50 ಬಾರಿ, ಕೆಲವೇ ಮಿಲಿಮೀಟರಿನಷ್ಟು ಅದುರುತ್ತದೆ. ಅದರ ಮೇಲೆ ಮಂಡಿ ಬಗ್ಗಿಸಿ ನಿಂತಾಗ ತೊಡೆ ಮತ್ತು ಮೀನಖಂಡದ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ದುಡಿಯುವ ಸ್ನಾಯು ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದು ಉರಿಯೂತವನ್ನು ತಗ್ಗಿಸುವ ಇತರ ವಸ್ತುಗಳನ್ನು ಹೆಚ್ಚಿಸುತ್ತದೆ. ಅಂದರೆ ಗುಣ ಮಾಡುವುದು ನಡುಕವಲ್ಲ, ಸ್ನಾಯುವಿನ ದುಡಿಮೆ.

ಪ್ರಯೋಗ ಹೇಳುವುದೇನು?

ಕಾಫಿಗೆ ಹೆಸರಾದ ಬ್ರೆಜಿಲಿನ ಮಿನಾಸ್ ಜೆರೈಸ್ ರಾಜ್ಯದ ಸಂಶೋಧಕರು 2012ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮಂಡಿ ಸವೆದ ವೃದ್ಧರಲ್ಲಿ ಒಂದು ಗುಂಪಿನವರು ಹಲಗೆಯ ಮೇಲೆ, ಇನ್ನೊಂದು ಗುಂಪಿನವರು ಬರಿಯ ನೆಲದ ಮೇಲೆ 12 ವಾರ ಬಸ್ಕಿ ತೆಗೆದರು. ಮೂರನೆಯ ಗುಂಪಿಗೆ ವ್ಯಾಯಾಮವಿರಲಿಲ್ಲ. ವ್ಯಾಯಾಮ ಮಾಡದವರಿಗೆ ಹೋಲಿಸಿದರೆ ಹಲಗೆಯ ಗುಂಪಿನವರ ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು, ನೋವೂ ತಗ್ಗಿತು. ಫಲಿತಾಂಶ ಆಶಾದಾಯಕವೇ. ಆದರೆ ಭಾಗವಹಿಸಿದವರು ಕೆಲವೇ ಮಂದಿ. ಅಲ್ಲದೆ, ಸವೆದ ಮಂಡಿ ಇದರಿಂದ ಮೊದಲಿನಂತಾಗುವುದಿಲ್ಲ.

ಟ್ರ್ಯಾಕ್ಟರಿನ ಕುಲುಕಾಟವೂ ವ್ಯಾಯಾಮವೇ?

ಖಂಡಿತ ಅಲ್ಲ. ಹಲಗೆಯ ಮೇಲೆ ನಿಲ್ಲುವುದು ಕೆಲವೇ ನಿಮಿಷ. ಬಗ್ಗಿದ ಮಂಡಿ ಅದುರನ್ನು ಹೀರುತ್ತದೆ. ಟ್ರ್ಯಾಕ್ಟರ್, ಜೀಪುಗಳಲ್ಲಿ ಗಂಟೆಗಟ್ಟಲೆ ಕುಳಿತಾಗ ನಿಧಾನಗತಿಯ ಕುಲುಕು ನೇರವಾಗಿ ಬೆನ್ನುಮೂಳೆಗೆ ತಾಗಿ ಸೊಂಟನೋವಿಗೆ ಕಾರಣವಾಗುತ್ತದೆ. ಕೆಲಸಗಾರರ ಮೈಗೆ ತಾಗುವ ಇಂಥ ಕಂಪನಕ್ಕೆ ಐರೋಪ್ಯ ಒಕ್ಕೂಟ 2002ರಲ್ಲಿ ಕಾನೂನಿನ ಮಿತಿಯನ್ನೇ ಹಾಕಿತು. ಆಸನದ ಮೆತ್ತೆ ಸರಿಯಾಗಿರಲಿ. ನಡುನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.

ಮನೆಯಲ್ಲಿ ಮಾಡಬಹುದಾದದ್ದು

ಬಾಗಿಲ ಚೌಕಟ್ಟು ಹಿಡಿದು ಅರ್ಧ ಬಸ್ಕಿ ತೆಗೆಯಿರಿ. ಅದು ಕಷ್ಟವಾದರೆ ಕುರ್ಚಿಯಿಂದ ಕೈಯೂರದೆ ಎದ್ದು ಕೂರಿರಿ. ಹತ್ತರಿಂದ ಆರಂಭಿಸಿ, ವಾರಕ್ಕೆ 3 ದಿನ ಮಾಡಿದರೆ ಸಾಕು. ನೋವು ಹೆಚ್ಚಿದರೆ ನಿಲ್ಲಿಸಿ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿದ್ದರೆ ವ್ಯಾಯಾಮ ಬಿಟ್ಟು ವೈದ್ಯರಲ್ಲಿಗೆ ಹೋಗಿ.

ಗರ್ಭಿಣಿಯರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಮೂತ್ರಪಿಂಡದ ಕಲ್ಲು ಇರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರುವವರು, ಇತ್ತೀಚೆಗೆ ಮೂಳೆ ಮುರಿದವರು ವೈದ್ಯರನ್ನು ಕೇಳದೆ ನಡುಗುವ ಹಲಗೆ ಹತ್ತಬಾರದು. ಉಳಿದವರು ಮೊದಲು ಖರ್ಚಿಲ್ಲದ ಬಸ್ಕಿಯನ್ನು ಮೂರು ತಿಂಗಳು ಮಾಡಿ ನೋಡಲಿ. ಯಂತ್ರದ ಮಾತು ಆಮೇಲೆ.