ಬಾನುಲಿಯಲ್ಲಿ ಧ್ವನಿಸಂಸ್ಕಾರ

ಸಂಸ್ಕಾರವೆಂದರೆ ವಸ್ತುವಿನ ಸ್ವರೂಪವನ್ನು ಕೆಡಿಸದೆ, ದೋಷವನ್ನು ಕಳೆದು, ಉಪಯೋಗಕ್ಕೆ ಹದಗೊಳಿಸುವುದು. ಬತ್ತವನ್ನು ಕುಟ್ಟಿ ಅಕ್ಕಿ ಮಾಡುವುದೂ, ಚಿನ್ನಕ್ಕೆ ಪುಟವಿಡುವುದೂ ಸಂಸ್ಕಾರಗಳೇ. ಬಾನುಲಿಯಲ್ಲಿ ನಾವು ಆಲಿಸುವ ಧ್ವನಿಗೂ ಇಂಥದೊಂದು ಸಂಸ್ಕಾರ ನಡೆಯುತ್ತದೆ. ಅದರ ರೀತಿಯನ್ನೂ, ಕನ್ನಡದ ಉಚ್ಚಾರಣೆಯ ಮೇಲೆ ಅದರಿಂದಾಗುವ ಪರಿಣಾಮವನ್ನೂ ಅಧ್ಯಾಪಕ ಬಂಧುಗಳ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಶಬ್ದವು ಹುಟ್ಟುವ ಬಗೆಯನ್ನು ನಿರೂಪಿಸಿದ್ದಾನೆ. ಹಾಗೆ ಹುಟ್ಟಿದ ಶಬ್ದ ಕಿವಿಗೆಟುಕುವಷ್ಟೇ ದೂರ ಹೋಗುತ್ತಿತ್ತು. ಅದನ್ನು ವಿದ್ಯುತ್ತರಂಗದ ಮೇಲೇರಿಸಿ ಊರೂರಿಗೆ ಕಳುಹಿಸುವ ಕಾರ್ಯ ನಮ್ಮ ನಾಡಿನಲ್ಲಿ ಮೊದಲಾದುದು 1935ರಲ್ಲಿ, ಮೈಸೂರಿನಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಪ್ರಯತ್ನದಿಂದ ನಿಲಯವೊಂದನ್ನು ಸ್ಥಾಪಿಸಿದರು. ಅದರ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಬೆಂಗಳೂರು ನಿಲಯ 1955ರಲ್ಲಿ ಆರಂಭವಾಯಿತು.

ಸಂಸ್ಕಾರದ ಅಗತ್ಯವೇನು? ಗಮಕಿಯು ಕರುಣಪ್ರಸಂಗದಲ್ಲಿ ಪಿಸುಮಾತಿನಷ್ಟು ಮೆಲ್ಲಗೆ ಹಾಡಿ, ಯುದ್ಧಪ್ರಸಂಗದಲ್ಲಿ ಗುಡುಗುತ್ತಾನೆ. ಪ್ರಸಾರಯಂತ್ರಕ್ಕಾದರೋ ಮೇಲೊಂದು ಮಿತಿಯುಂಟು. ಮಧ್ಯಮ ತರಂಗದಲ್ಲಿ ಆ ಮಿತಿಯನ್ನು ಮೀರಿದರೆ ವಾಹಕತರಂಗವೇ ಕ್ಷಣಕಾಲ ಕಡಿದು, ಧ್ವನಿ ಒಡೆದು, ನೆರೆಯ ನಿಲಯಗಳಿಗೂ ಬಾಧೆಯಾಗುತ್ತದೆ. ಎಫ್.ಎಂ.ನಲ್ಲಿ ತರಂಗದ ಓಲಾಟ ಎರಡೂ ಕಡೆಗೆ 75 ಕಿಲೋಹರ್ಟ್ಸ್‌ಗಳನ್ನು ದಾಟಬಾರದು. ಕೆಳಗೂ ಒಂದು ಮಿತಿಯಿದೆ. ಚನ್ನರಾಯನದುರ್ಗ, ಮಧುಗಿರಿ, ಸಿದ್ಧರಬೆಟ್ಟಗಳ ಸೀಮೆಯಲ್ಲಿ ಬೆಟ್ಟದ ಮರೆಗೆ ಸರಿದೊಡನೆ ಎಫ್.ಎಂ. ಧ್ವನಿ ಕುಂದಿ ಮೊರೆತ ಹೆಚ್ಚುವುದನ್ನು ಯಾರಾದರೂ ಗಮನಿಸಬಹುದು. ಮೆಲುದನಿ ಆ ಮೊರೆತದಲ್ಲಿ ಮುಳುಗುತ್ತದೆ. ಈ ಎರಡು ಮಿತಿಗಳ ನಡುವೆ ಧ್ವನಿಯನ್ನು ಅಳವಡಿಸುವ ಸಾಧನಕ್ಕೆ ಆಡಿಯೋ ಪ್ರೊಸೆಸರ್ ಎಂದು ಹೆಸರು.

ಇದರ ಕಾರ್ಯ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಸಮೀಕರಣ: ಒಬ್ಬರ ಧ್ವನಿ ಕ್ಷೀಣವಾಗಿ, ಇನ್ನೊಬ್ಬರದು ಉಚ್ಚವಾಗಿದ್ದರೆ ಯಂತ್ರವು ಕೆಲವು ಸೆಕೆಂಡುಗಳಲ್ಲಿ ನಿಧಾನವಾಗಿ ಎರಡನ್ನೂ ಒಂದು ಮಟ್ಟಕ್ಕೆ ತರುತ್ತದೆ. ಎರಡನೆಯದು ಸಂಕೋಚನ: ಧ್ವನಿಯನ್ನು ಮಂದ್ರ, ಮಧ್ಯ, ತಾರ ಎಂಬಂತೆ ಹಲವು ಪಟ್ಟಿಗಳಾಗಿ ವಿಭಜಿಸಿ, ಪ್ರತಿಯೊಂದರ ಏರಿಳಿತವನ್ನೂ ಬೇರೆ ಬೇರೆಯಾಗಿ ತಗ್ಗಿಸುವುದು. ಹೀಗಾಗಿ ಮೃದಂಗದ ಪೆಟ್ಟಿಗೆ ಗಾಯಕನ ಕಂಠ ಕುಗ್ಗದು. ಮೂರನೆಯದು ನಿಯಂತ್ರಣ: ಹಠಾತ್ತಾಗಿ ಏಳುವ ಶಿಖರಗಳನ್ನು ಮಿತಿಯೊಳಗೆ ತಡೆಯುವುದು.

ಅಮೆರಿಕದ ರಾಬರ್ಟ್ ಆರ್ಬನ್ 1975ರಲ್ಲಿ ಎಫ್.ಎಂ. ಪ್ರಸಾರಕ್ಕೆಂದು 'ಆಪ್ಟಿಮೋಡ್' ಸಾಧನವನ್ನು ರೂಪಿಸಿದಾಗ ಇಂಥ ಕೆಲಸ ವಿದ್ಯುನ್ಮಂಡಲಗಳಿಂದ ನಡೆಯುತ್ತಿತ್ತು. 1990ರ ದಶಕದಿಂದ ಅದು ಗಣಿತದ ಕಾರ್ಯವಾಯಿತು. ಡಿಜಿಟಲ್ ಯಂತ್ರವು ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಅಳೆದು ಸಂಖ್ಯೆಗಳನ್ನಾಗಿಸುತ್ತದೆ. ಅವನ್ನು ಕೆಲವು ಮಿಲಿಸೆಕೆಂಡುಗಳ ಕಾಲ ತಡೆದಿಟ್ಟು, ಬರಲಿರುವ ಶಿಖರವನ್ನು ಮುಂದಾಗಿಯೇ ಕಂಡು, ಗುಣಾಕಾರದಿಂದ ತಗ್ಗಿಸುತ್ತದೆ.

ಇನ್ನು ಕನ್ನಡದ ವಿಚಾರ. ಸಕಾರದ ಊಷ್ಮಧ್ವನಿಯ ಬಹುಭಾಗ ಸೆಕೆಂಡಿಗೆ 4,000ಕ್ಕೂ ಮಿಕ್ಕಿದ ಕಂಪನಗಳಲ್ಲಿರುತ್ತದೆ; ಶಕಾರದ್ದು ಅದಕ್ಕಿಂತ ಕೆಳಗೆ ಮೊದಲಾಗುತ್ತದೆ. ಮಧ್ಯಮ ತರಂಗದ ನಿಲಯಗಳು ಒಂದಕ್ಕೊಂದು 9 ಕಿಲೋಹರ್ಟ್ಸ್ ಅಂತರದಲ್ಲಿರುವುದರಿಂದ ಸಾಮಾನ್ಯ ರೇಡಿಯೋಗಳು ಸುಮಾರು 4,500ರಿಂದಾಚೆಗೆ ಹೆಚ್ಚಿನದನ್ನು ಕೊಡಲಾರವು. ಬಾಲ್ಯದಲ್ಲಿ ನಾನು ಟ್ರಾನ್ಸಿಸ್ಟರಿನಲ್ಲಿ ಕೇಳಿದ 'ಸಕಲ' ಶಬ್ದವನ್ನು 'ಶಕಲ' ಎಂದು ಬರೆದು ಗುರುಗಳಿಂದ ತಿದ್ದಿಸಿಕೊಂಡದ್ದುಂಟು. 'ಸಕಲ'ವೆಂದರೆ ಸಮಸ್ತ, 'ಶಕಲ'ವೆಂದರೆ ಚೂರು. ಒಂದು ಅಕ್ಷರದಿಂದ ಅರ್ಥವೇ ವಿಪರೀತ! ಎಫ್.ಎಂ. 15,000 ಕಂಪನಗಳವರೆಗೆ ಕೊಡುತ್ತದಾದರೂ ಅಲ್ಲಿ ಬೇರೊಂದು ತೊಡಕಿದೆ. ಮೊರೆತವನ್ನು ತಗ್ಗಿಸಲು ತಾರಭಾಗವನ್ನು ಪ್ರಸಾರದಲ್ಲಿ ಹೆಚ್ಚಿಸಿ ಗ್ರಾಹಕದಲ್ಲಿ ಇಳಿಸುವ ಕ್ರಮವಿರುವುದರಿಂದ, ಮಿತಿಯನ್ನು ಮೊದಲು ಮುಟ್ಟುವವು ಊಷ್ಮಾಕ್ಷರಗಳೇ. ಯಂತ್ರವನ್ನು ಒರಟಾಗಿ ಹೊಂದಿಸಿದರೆ ಅವು ಮೊಂಡಾಗುತ್ತವೆ ಅಥವಾ ಸೀಳಿ ಕೇಳುತ್ತವೆ.

ಅತಿಸಂಕೋಚನದ ಕೇಡು ಇನ್ನೂ ದೊಡ್ಡದು. ಮಾತಿನ ನಡುವಣ ಮೌನದಲ್ಲಿ ಉಸಿರಿನ ಸದ್ದು ಮೇಲೇಳುತ್ತದೆ; ಮೆಲುದನಿಯೂ ಗರ್ಜನೆಯೂ ಒಂದೇ ಎತ್ತರಕ್ಕೆ ಬಂದು ಕಾಕು, ಭಾವಗಳು ಅಳಿಯುತ್ತವೆ. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್.ಎಂ. ಆರಂಭವಾದ ಮೇಲೆ ನಿಲಯಗಳ ಸಂಖ್ಯೆ ಬೆಳೆಯಿತು. ನಿಲಯಗಳು ಹಲವಿರುವಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಬೇಕೆಂಬ ಆಸೆ ಸಹಜ. ಅನ್ಯದೇಶಗಳಲ್ಲೂ ಇದೇ ಅನುಭವ. ಆದುದರಿಂದಲೇ ಯುರೋಪಿನ ಪ್ರಸಾರಸಂಸ್ಥೆಗಳ ಒಕ್ಕೂಟವು 2010ರಲ್ಲಿ, ಶಿಖರಗಳನ್ನಷ್ಟೇ ಅಳೆಯದೆ ಕಾರ್ಯಕ್ರಮದ ಒಟ್ಟು ಗಟ್ಟಿತನವನ್ನು ಅಳೆದು ಸಮಗೊಳಿಸಬೇಕೆಂದು ಶಿಫಾರಸು ಮಾಡಿತು.

ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದುದು ಇಲ್ಲಿಯೂ ಅನ್ವಯಿಸುತ್ತದೆ. ವಾರ್ತೆಗೆ, ಹವಾಮಾನದ ಮುನ್ನೆಚ್ಚರಿಕೆಗೆ ಹೆಚ್ಚಿನ ಸಂಕೋಚನ ಯುಕ್ತ. ಬಸ್ಸಿನ ಗದ್ದಲದಲ್ಲೂ ಮಾತು ತಿಳಿಯಬೇಕು. ಗಮಕಕ್ಕೆ, ನಾಟಕಕ್ಕೆ, ವೀಣಾವಾದನಕ್ಕೆ ಅತ್ಯಲ್ಪ ಸಾಕು.

ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಬಾನುಲಿಯ ಪಾಠಗಳನ್ನು ಮಕ್ಕಳಿಗೆ ಅವಶ್ಯವಾಗಿ ಕೇಳಿಸಿರಿ. ಆದರೆ ಅದೇ ಪದ್ಯವನ್ನು ತರಗತಿಯಲ್ಲಿ ಸ್ವತಃ ಓದಿ, ಸ, ಶ, ಷಗಳ ಭೇದವನ್ನೂ, ಅಲ್ಪಪ್ರಾಣ ಮಹಾಪ್ರಾಣಗಳನ್ನೂ, ದನಿಯ ಏರಿಳಿತವನ್ನೂ ಎದುರಿನಲ್ಲಿ ತೋರಿಸಿರಿ. ಯಂತ್ರವು ದೂರದ ಧ್ವನಿಯನ್ನು ಹತ್ತಿರಕ್ಕೆ ತಂದ ಉಪಕಾರ ದೊಡ್ಡದು. ಆದರೆ ಅಕ್ಷರಶುದ್ಧಿಯನ್ನು ಮಗು ಕಲಿಯುವುದು ಗುರುವಿನ ಬಾಯಿಂದ ಕೇಳಿ, ಆ ತುಟಿನಾಲಗೆಗಳ ಚಲನೆಯನ್ನು ಕಂಡು.