ರೇಖಾಗಣಿತವೂ ಕ್ವಾಂಟಂ ಅಲೆಯೂ

ಭೂಗೋಳದ ಉತ್ತರಧ್ರುವದಲ್ಲಿ ಬಾಣವೊಂದನ್ನಿಟ್ಟು, ಎಲ್ಲಿಯೂ ಹೊರಳಿಸದೆ ಸಮಭಾಜಕವೃತ್ತಕ್ಕೆ ಇಳಿಸಿ, ಅದರ ಗುಂಟ ಕಾಲು ಸುತ್ತು ಸಾಗಿಸಿ, ನೇರವಾಗಿ ಧ್ರುವಕ್ಕೆ ಮರಳಿ ತರೋಣ. ಬಾಣವು 90 ಡಿಗ್ರಿ ತಿರುಗಿರುತ್ತದೆ! ತಿರುಗಿಸಿದ್ದು ಯಾವ ಬಲವೂ ಅಲ್ಲ, ಗೋಳದ ವಕ್ರತೆ.

1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಅವರು ಬೆಳಕಿನಲ್ಲಿಯೂ ಇಂಥದನ್ನೇ ಕಂಡರು. ಧ್ರುವೀಕರಣದ ಒಂದೊಂದು ಸ್ಥಿತಿಯೂ ಪ್ವಾಂಕರೆ ಗೋಳದ ಮೇಲಣ ಒಂದೊಂದು ಬಿಂದುವಷ್ಟೆ. ಬೆಳಕು ಮೂರು ಸ್ಥಿತಿಗಳನ್ನು ಹಾದು ಮೊದಲಿನದಕ್ಕೆ ಮರಳಿದಾಗ ಅಲೆಯ ಪ್ರಾವಸ್ಥೆಯಲ್ಲಿ ಶೇಷವೊಂದು ಉಳಿಯುತ್ತದೆ. ಅದರ ಅಳತೆ, ಆ ಬಿಂದುಗಳ ತ್ರಿಕೋನವು ಗೋಳದ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧ.

ಕ್ವಾಂಟಂ ಕಣಗಳಿಗೂ ಈ ಶೇಷವುಂಟೆಂದು 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿ ತೋರಿಸಿದರು. ಕಾಂತಕ್ಷೇತ್ರದ ದಿಕ್ಕನ್ನು ನಿಧಾನವಾಗಿ ಸುತ್ತಿಸಿ ಮೊದಲಿನಂತೆ ನಿಲ್ಲಿಸಿದರೆ, ಎಲೆಕ್ಟ್ರಾನಿನ ಸ್ಪಿನ್ನಿಗೂ ಅದೇ ಅರ್ಧ! ಪಂಚರತ್ನಂ 1969ರಲ್ಲಿಯೇ, 35ರ ಹರೆಯದಲ್ಲಿ, ತೀರಿಕೊಂಡಿದ್ದರು.